ಗೋಡೆಯ ಮೇಲಿನ ಬಿಸಿಯ ಕಾವಲುಗಾರ

ಚಳಿಗಾಲವೆಂದರೆ ನಮ್ಮಲ್ಲಿ ಒಂದು ಕಂಬಳಿ, ಒಂದು ಸ್ವೆಟರು, ಬೆಳಗಿನ ಜಾವ ಬಚ್ಚಲ ಒಲೆಯ ಮುಂದೆ ತುಸು ಹೊತ್ತು ಕೈ ಕಾಯಿಸಿಕೊಳ್ಳುವ ಸುಖ. ಅಷ್ಟಕ್ಕೆ ಮುಗಿಯಿತು. ಕೊಡಗಿನ ಕೆಲವು ಹಳೆಯ ಬಂಗಲೆಗಳ ಅಗ್ಗಿಷ್ಟಿಕೆಗಳನ್ನು ಬಿಟ್ಟರೆ, ಮನೆಯನ್ನೇ ಬಿಸಿ ಮಾಡಬೇಕಾದ ಪ್ರಸಂಗ ನಮ್ಮ ನಾಡಿನಲ್ಲಿ ಬಂದಿಲ್ಲ. ಆದರೆ ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್‌ನಂಥ ಉತ್ತರದ ರಾಜ್ಯಗಳಲ್ಲಿ ಜನವರಿಯ ರಾತ್ರಿ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದು ಅಪರೂಪವಲ್ಲ. ಅಲ್ಲಿ ಮನೆ ಬೆಚ್ಚಗಿಲ್ಲದಿದ್ದರೆ ಕೊಳಾಯಿಯೊಳಗಿನ ನೀರು ಹೆಪ್ಪುಗಟ್ಟಿ ಕೊಳವೆಯೇ ಒಡೆಯುತ್ತದೆ. ಮನುಷ್ಯರ ಪಾಡಂತೂ ಹೇಳುವುದೇ ಬೇಡ.

ಅಂಥ ಮನೆಗಳ ಒಳಗೋಡೆಯ ಮೇಲೆ ಅಂಗೈಯಗಲದ ಒಂದು ಡಬ್ಬಿ ಇರುತ್ತದೆ. ಅದರ ಹೆಸರು ಥರ್ಮೋಸ್ಟಾಟ್. ಬೇಕಾದ ಉಷ್ಣತೆಯನ್ನು ಅದರಲ್ಲಿ ಗುರುತು ಮಾಡಿಟ್ಟರೆ ಸಾಕು, ನೆಲಮಾಳಿಗೆಯಲ್ಲಿರುವ ಫರ್ನೇಸನ್ನು ಅದೇ ಹೊತ್ತಿಸುತ್ತದೆ, ಅದೇ ಆರಿಸುತ್ತದೆ. ನಮ್ಮ ಊರುಗಳಿಂದ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿಬಂದ ಹಿರಿಯರಿಗೆ ಈ ಡಬ್ಬಿಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಮುಟ್ಟುವ ಅಧಿಕಾರ ಯಾರದು ಎಂಬುದೇ ಒಂದು ಸಣ್ಣ ರಾಜಕೀಯ.

ಕಳೆದ ನಾಲ್ಕೈದು ದಶಕಗಳಿಂದ ಅಲ್ಲಿ ನಡೆದುಬಂದಿರುವ ಒಂದು ಕೆಲಸವೆಂದರೆ, ಹಳೆಯ ಥರ್ಮೋಸ್ಟಾಟನ್ನು ಕಿತ್ತು ದಿನಚರಿಗೆ ತಕ್ಕಂತೆ ತಾನೇ ಬಿಸಿಯನ್ನು ಏರಿಸಿ ಇಳಿಸುವ ಹೊಸದನ್ನು ಕೂರಿಸುವುದು. ಇದಕ್ಕೆ ಪ್ರೋಗ್ರಾಮೆಬಲ್ ಥರ್ಮೋಸ್ಟಾಟ್ ಎನ್ನುತ್ತಾರೆ. ಇದರಿಂದ ಇಂಧನ ಉಳಿಯುತ್ತದೆಂದು ಸರ್ಕಾರ ಹೇಳಿತು, ತೆರಿಗೆ ರಿಯಾಯಿತಿ ಕೊಟ್ಟಿತು, ಉತ್ತಮ ಉಪಕರಣವೆಂಬ ಮುದ್ರೆಯನ್ನೂ ಒತ್ತಿತು. ಕೊನೆಗೆ ಆ ಮುದ್ರೆಯನ್ನು ತಾನೇ ಹಿಂದಕ್ಕೆ ಪಡೆಯಿತು. ಯಂತ್ರ ಕೆಟ್ಟಿರಲಿಲ್ಲ. ಹಾಗಿದ್ದರೆ ತಪ್ಪಿದ್ದೆಲ್ಲಿ? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡು ಲೋಹಗಳ ಪಟ್ಟಿ

ಥರ್ಮೋಸ್ಟಾಟ್ ನಮಗೆ ಅಪರಿಚಿತ ವಸ್ತುವೇನಲ್ಲ. ವಿದ್ಯುತ್ ಇಸ್ತ್ರಿ ಪೆಟ್ಟಿಗೆಯ ಪುಟ್ಟ ದೀಪ ಹೊತ್ತಿ ಆರುವುದನ್ನು ಎಲ್ಲರೂ ಕಂಡಿದ್ದೇವೆ. ಪೆಟ್ಟಿಗೆ ಸಾಕಷ್ಟು ಕಾದೊಡನೆ ವಿದ್ಯುತ್ತು ತಾನಾಗಿ ಕಡಿಯುತ್ತದೆ, ತಣ್ಣಗಾದೊಡನೆ ಮತ್ತೆ ಹರಿಯುತ್ತದೆ. ಬಿಸಿ ತಗುಲಿದಾಗ ಎಲ್ಲ ಲೋಹಗಳೂ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಇಂಥ ಎರಡು ಲೋಹಗಳ ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಬೆಸೆದರೆ ಬಿಸಿಯಾದಾಗ ಜೋಡಿಪಟ್ಟಿ ಒಂದು ಕಡೆಗೆ ಬಾಗುತ್ತದೆ. ಆ ಬಾಗುವಿಕೆಯಿಂದ ಸ್ವಿಚ್ಚೊಂದನ್ನು ಒತ್ತಿಸಬಹುದು.

ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರ ಬಿಸಿಲಿಗೆ ಚಳಿಗೆ ಹೊತ್ತು ತಪ್ಪದಿರಲೆಂದು 18ನೇ ಶತಮಾನದಲ್ಲಿ ಇಂಥ ಜೋಡಿಪಟ್ಟಿಯನ್ನು ಬಳಸಿದ. 1830ರಲ್ಲಿ ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ಇದೇ ತತ್ವದ ಒಂದು ಸಾಧನಕ್ಕೆ ಪೇಟೆಂಟ್ ಪಡೆದು, ಬಿಸಿ ಮತ್ತು ನಿಲುಗಡೆ ಎಂಬ ಅರ್ಥದ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ ‘ಥರ್ಮೋಸ್ಟಾಟ್’ ಎಂದು ಹೆಸರಿಟ್ಟ.

ಹೆಸರಿಗಿಂತ ಕಲ್ಪನೆ ಹಳೆಯದು. 17ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಅರಸನ ಆಶ್ರಯದಲ್ಲಿದ್ದ ಡಚ್ ಕುಶಲಿ ಕಾರ್ನೆಲಿಸ್ ಡ್ರೆಬೆಲ್ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಒಲೆಯೊಂದನ್ನು ಮಾಡಿದ್ದ. ಒಲೆಯ ಬಿಸಿ ಹೆಚ್ಚಾದರೆ ಕೊಳವೆಯೊಳಗಿನ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು; ಪಾದರಸ ಏರಿ ಒಲೆಯ ಗಾಳಿಕಿಂಡಿಯನ್ನು ಮುಚ್ಚಿಸುತ್ತಿತ್ತು. ಬಿಸಿ ತನ್ನನ್ನು ತಾನೇ ತಡೆದುಕೊಳ್ಳುವ ಈ ಉಪಾಯ ಮೊದಲು ಸಿಕ್ಕಿದ್ದು ಮೊಟ್ಟೆಗಳಿಗೆ. ಮನುಷ್ಯನ ಮನೆಗೆ ಅದು ಬರಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು.

ಮೇಷ್ಟರ ಗಂಟೆ, ಬಟ್ಜನ ಸರಪಳಿ

ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ಉಪಾಧ್ಯಾಯರನ್ನು ತರಬೇತು ಮಾಡುವ ಶಾಲೆಯೊಂದಿತ್ತು. ವಾರೆನ್ ಜಾನ್ಸನ್ ಅಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಕಟ್ಟಡಕ್ಕೆ ಬಿಸಿ ಬರುತ್ತಿದ್ದುದು ನೆಲಮಾಳಿಗೆಯ ಒಲೆಗಳಿಂದ. ತರಗತಿ ಬೆಚ್ಚಗಿದೆಯೋ ತಣ್ಣಗಿದೆಯೋ ಎಂದು ನೋಡಲು ಶಾಲೆಯ ಜವಾನ ಪದೇ ಪದೇ ಕೋಣೆ ಕೋಣೆಗೆ ಬಂದು, ಮತ್ತೆ ಕೆಳಗಿಳಿದು ಗಾಳಿಕಿಂಡಿಗಳನ್ನು ಸರಿಪಡಿಸಬೇಕಿತ್ತು. ಪಾಠಕ್ಕೂ ಅಡ್ಡಿ, ಜವಾನನಿಗೂ ಸುತ್ತು. ಜಾನ್ಸನ್ ಕೋಣೆಯ ಉಷ್ಣತೆಗೆ ಸ್ಪಂದಿಸಿ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವ ವಿದ್ಯುತ್ ಸಾಧನವೊಂದನ್ನು ರಚಿಸಿ, 1883ರಲ್ಲಿ ಪೇಟೆಂಟ್ ಪಡೆದರು. 1885ರಲ್ಲಿ ಮಿಲ್ವಾಕಿ ನಗರದಲ್ಲಿ ಕಂಪನಿ ಶುರುವಾಯಿತು. ಮುಂದೆ ಜಾನ್ಸನ್ ಕಂಟ್ರೋಲ್ಸ್ ಎಂದು ಹೆಸರಾದದ್ದು ಅದೇ.

ಜಾನ್ಸನ್ ಅವರ ಗಂಟೆ ಜವಾನನ ಓಡಾಟವನ್ನು ಉಳಿಸಿತೇ ಹೊರತು ಜವಾನನನ್ನು ಬಿಡಿಸಲಿಲ್ಲ. ಆ ಹೆಜ್ಜೆಯಿಟ್ಟವನು ಮಿನಿಯಾಪೊಲಿಸ್ ನಗರದಲ್ಲಿದ್ದ ಸ್ವಿಸ್ ಮೂಲದ ಆಲ್ಬರ್ಟ್ ಬಟ್ಜ್. ಅವನ ಏರ್ಪಾಟಿನಲ್ಲಿ ಕೋಣೆ ತಣ್ಣಗಾದರೆ ವಿದ್ಯುತ್ ಮಂಡಲ ಕೂಡಿಕೊಂಡು ಒಂದು ಪುಟ್ಟ ಯಂತ್ರ ಅರ್ಧ ಸುತ್ತು ತಿರುಗುತ್ತಿತ್ತು. ಅದಕ್ಕೆ ಕಟ್ಟಿದ ಸರಪಳಿ ಕಲ್ಲಿದ್ದಲು ಒಲೆಯ ಗಾಳಿಕಿಂಡಿಯ ಮುಚ್ಚಳವನ್ನು ಎತ್ತುತ್ತಿತ್ತು. ಗಾಳಿ ನುಗ್ಗಿ ಬೆಂಕಿ ಚುರುಕಾಗುತ್ತಿತ್ತು. ಕೋಣೆ ಬೆಚ್ಚಗಾದೊಡನೆ ಮುಚ್ಚಳ ಬೀಳುತ್ತಿತ್ತು. 1886ರಲ್ಲಿ ಪೇಟೆಂಟ್ ಸಿಕ್ಕಿತು. ಬಟ್ಜ್ ಬೇಗನೆ ವ್ಯವಹಾರದಿಂದ ದೂರ ಸರಿದರೂ ಅವನು ನೆಟ್ಟ ಸಸಿ ಹಲವು ಕೈ ಬದಲಾಗಿ ಬೆಳೆಯಿತು. 1927ರಲ್ಲಿ ಮಾರ್ಕ್ ಹನಿವೆಲ್ ಎಂಬುವರ ಕಂಪನಿಯೊಡನೆ ಕೂಡಿಕೊಂಡು ಮಿನಿಯಾಪೊಲಿಸ್-ಹನಿವೆಲ್ ಎನಿಸಿಕೊಂಡಿತು.

ಈ ಕಂಪನಿ 20ನೇ ಶತಮಾನದ ಮೊದಲ ದಶಕದಲ್ಲೇ ಗಡಿಯಾರ ಜೋಡಿಸಿದ ಥರ್ಮೋಸ್ಟಾಟನ್ನು ಮಾರುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ರಾತ್ರಿ ಬಿಸಿಯನ್ನು ಇಳಿಸಿ ಬೆಳಗಾಗುವಷ್ಟರಲ್ಲಿ ಏರಿಸುವುದು ಅದರ ಕೆಲಸ. ಅಂದರೆ ಹೊತ್ತಿಗೆ ತಕ್ಕಂತೆ ಬಿಸಿ ಎಂಬ ಕಲ್ಪನೆ ಕಂಪ್ಯೂಟರ್ ಯುಗದ್ದಲ್ಲ, ಕಲ್ಲಿದ್ದಲು ಯುಗದ್ದು. ಅಂದಿನ ಮನೆಯಲ್ಲಿ ನಸುಕಿನಲ್ಲಿ ಯಾರಾದರೊಬ್ಬರು ಹಾಸಿಗೆ ಬಿಟ್ಟೆದ್ದು, ನಡುಗುತ್ತಾ ಕೆಳಗಿಳಿದು, ಬೂದಿ ಕೆದಕಿ ಬೆಂಕಿ ಎಬ್ಬಿಸಬೇಕಿತ್ತು. ಗಡಿಯಾರದ ಥರ್ಮೋಸ್ಟಾಟ್ ಆ ಪಾಳಿಯಿಂದ ಮನೆಯವರನ್ನು ಬಿಡಿಸಿತು.

ಓರೆಯಾಗದ ದುಂಡು ಡಬ್ಬಿ

ಇಂದು ‘ಹಳೆಯ ಥರ್ಮೋಸ್ಟಾಟ್’ ಎಂದೊಡನೆ ಅಮೆರಿಕನ್ನರ ಕಣ್ಣಿಗೆ ಕಟ್ಟುವುದು 1953ರಲ್ಲಿ ಹನಿವೆಲ್ ಹೊರತಂದ ಟಿ-87 ಎಂಬ ದುಂಡು ಮಾದರಿ. ಇದನ್ನು ರೂಪಿಸಿದವರು ಹೆನ್ರಿ ಡ್ರೈಫಸ್. ಅಮೆರಿಕದ ಮನೆಮನೆಯಲ್ಲಿದ್ದ ಬೆಲ್ ಕಂಪನಿಯ ಟೆಲಿಫೋನುಗಳಿಗೆ ಆಕಾರ ಕೊಟ್ಟವರು. ಚೌಕದ ಡಬ್ಬಿ ಗೋಡೆಯ ಮೇಲೆ ಕೊಂಚ ಓರೆಯಾದರೂ ಕಣ್ಣಿಗೆ ಕುಕ್ಕುತ್ತದೆ, ದುಂಡಗಿದ್ದರೆ ಆ ಗೊಡವೆಯೇ ಇಲ್ಲ. ಬಳಸುವವನು ಕಲಿಯಬೇಕಾದದ್ದೂ ಒಂದೇ: ಬಿಸಿ ಬೇಕಾದರೆ ಬಿಲ್ಲೆಯನ್ನು ಈ ಕಡೆ ತಿರುಗಿಸು, ಬೇಡವಾದರೆ ಆ ಕಡೆ.

ಒಳಗಡೆ ಜೋಡಿಲೋಹದ ಪಟ್ಟಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಅದರ ತುದಿಗೆ ಒಂದು ಗಾಜಿನ ಬುರುಡೆ, ಬುರುಡೆಯೊಳಗೆ ಒಂದು ಹನಿ ಪಾದರಸ. ಕೋಣೆ ತಣ್ಣಗಾದಂತೆ ಸುರುಳಿ ತಿರುಚಿ ಬುರುಡೆ ವಾಲುತ್ತದೆ, ಪಾದರಸ ಜಾರಿ ಎರಡು ತಂತಿಗಳನ್ನು ಕೂಡಿಸುತ್ತದೆ, ಫರ್ನೇಸ್ ಹೊತ್ತಿಕೊಳ್ಳುತ್ತದೆ. ಒಲೆ ಆರಿದ ಮೇಲೂ ಅದರಲ್ಲಿ ಉಳಿದ ಬಿಸಿ ಕೋಣೆಗೆ ಬರುತ್ತಲೇ ಇರುವುದರಿಂದ, ಸ್ವಲ್ಪ ಮುಂಚೆಯೇ ಆರಿಸಲು ಒಂದು ಪುಟ್ಟ ತಂತಿ ಸುರುಳಿಯನ್ನು ಬೆಚ್ಚಗೆ ಮಾಡುತ್ತಿರುತ್ತದೆ. ಬ್ಯಾಟರಿ ಬೇಡ, ಹೊತ್ತು ತೋರಿಸುವ ಗೊಡವೆಯಿಲ್ಲ. ಇಂಥ ಡಬ್ಬಿ ನಲವತ್ತು ಐವತ್ತು ವರ್ಷ ತಕರಾರಿಲ್ಲದೆ ನಡೆದದ್ದುಂಟು. ತಮಾಷೆಯೆಂದರೆ ಹೊರಗೆ ಓರೆ ಕಾಣದ ಈ ಡಬ್ಬಿಯನ್ನು ಒಳಗೆ ಮಾತ್ರ ಮಟ್ಟ ಹಿಡಿದೇ ಕೂರಿಸಬೇಕು. ಇಲ್ಲವಾದರೆ ಪಾದರಸ ಅಕಾಲದಲ್ಲಿ ಜಾರಿ ಲೆಕ್ಕ ತಪ್ಪುತ್ತದೆ.

ಅಧ್ಯಕ್ಷರು ಹೇಳಿದ ಡಿಗ್ರಿ

ಈ ನೆಮ್ಮದಿ ಕದಡಿದ್ದು 1973ರ ಅಕ್ಟೋಬರಿನಲ್ಲಿ. ಇಸ್ರೇಲ್-ಅರಬ್ ಯುದ್ಧದ ಹಿನ್ನೆಲೆಯಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕಳುಹಿಸುವುದನ್ನು ನಿಲ್ಲಿಸಿದವು. ನವೆಂಬರ್ 7ರಂದು ಅಧ್ಯಕ್ಷ ನಿಕ್ಸನ್ ದೇಶವನ್ನುದ್ದೇಶಿಸಿ ಮಾತನಾಡುತ್ತಾ, ಮನೆಯ ಥರ್ಮೋಸ್ಟಾಟನ್ನು ಕನಿಷ್ಠ 6 ಡಿಗ್ರಿ ಇಳಿಸಿ, ಹಗಲಿನ ಸರಾಸರಿಯನ್ನು 68 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 20 ಸೆಲ್ಸಿಯಸ್‌ಗೆ ತರುವಂತೆ ಕೇಳಿಕೊಂಡರು. ಒಂದು ಮನೆಯ ಒಳಗೋಡೆಯ ಬಿಲ್ಲೆ ರಾಷ್ಟ್ರದ ಭದ್ರತೆಯ ಪ್ರಶ್ನೆಯಾಯಿತು.

1977ರ ಫೆಬ್ರುವರಿ 2ರಂದು, ಅಧಿಕಾರ ವಹಿಸಿಕೊಂಡು ಎರಡು ವಾರವಷ್ಟೇ ಆಗಿದ್ದ ಜಿಮ್ಮಿ ಕಾರ್ಟರ್ ಉಣ್ಣೆಯ ಸ್ವೆಟರು ತೊಟ್ಟು, ಉರಿಯುವ ಅಗ್ಗಿಷ್ಟಿಕೆಯ ಪಕ್ಕ ಕುಳಿತು ಟೆಲಿವಿಷನ್ನಿನಲ್ಲಿ ಮಾತನಾಡಿದರು. ಹಗಲು 65 ಡಿಗ್ರಿ, ರಾತ್ರಿ 55 ಡಿಗ್ರಿ ಸಾಕು ಎಂಬುದು ಅವರ ಕೋರಿಕೆ. ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 18 ಮತ್ತು 13. 1979ರಲ್ಲಿ ಕೋರಿಕೆ ಕಟ್ಟಳೆಯಾಯಿತು. ಕಚೇರಿ, ಅಂಗಡಿಗಳಂಥ ಕಟ್ಟಡಗಳಲ್ಲಿ ಚಳಿಗಾಲಕ್ಕೆ 65ಕ್ಕಿಂತ ಹೆಚ್ಚು ಬಿಸಿ ಮಾಡುವಂತಿಲ್ಲ, ಬೇಸಿಗೆಯಲ್ಲಿ 78ಕ್ಕಿಂತ ಕಡಿಮೆ ತಂಪು ಮಾಡುವಂತಿಲ್ಲ. ಮನೆಗಳಿಗೆ ಅದು ಅನ್ವಯಿಸಲಿಲ್ಲ. ಮುಂದಿನ ಅಧ್ಯಕ್ಷ ರೇಗನ್ 1981ರ ಫೆಬ್ರುವರಿಯಲ್ಲಿ ಅದನ್ನು ರದ್ದು ಮಾಡಿದರು. ಕಾರ್ಟರ್ ಅವರ ಸ್ವೆಟರು ಕೆಲವರಿಗೆ ಸರಳತೆಯ ಗುರುತಾದರೆ ಇನ್ನು ಕೆಲವರಿಗೆ ಬಡತನದ ಉಪದೇಶವಾಗಿ ಕಂಡಿತು.

ಜನರಿಗೆ ಚಳಿಯಲ್ಲಿ ಕೂರಿ ಎಂದು ಹೇಳುವುದು ರಾಜಕಾರಣಿಗೆ ಕಷ್ಟ. ಮಲಗಿದಾಗ, ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಬಿಸಿ ಇಳಿಸಿ ಎಂದರೆ ಯಾರಿಗೂ ನೋವಿಲ್ಲ. ಅದನ್ನು ಯಂತ್ರವೇ ಮಾಡಿದರೆ ಇನ್ನೂ ಸಲೀಸು. 1978ರ ಇಂಧನ ತೆರಿಗೆ ಕಾಯಿದೆ ಇಂಥ ಥರ್ಮೋಸ್ಟಾಟ್ ಹಾಕಿಸಿದವರಿಗೆ ತೆರಿಗೆಯಲ್ಲಿ ವಿನಾಯಿತಿ ಕೊಟ್ಟಿತು. 1980ರ ದಶಕದಲ್ಲಿ ಗಡಿಯಾರದ ಚಕ್ರಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಬಿಲ್ಲೆ ಬಂತು. ವಾರದ ದಿನಗಳಿಗೊಂದು, ಶನಿವಾರ ಭಾನುವಾರಗಳಿಗೆ ಇನ್ನೊಂದು ವೇಳಾಪಟ್ಟಿ ತುಂಬಿಸಬಹುದಾಯಿತು. 1995ರಲ್ಲಿ ‘ಎನರ್ಜಿ ಸ್ಟಾರ್’ ಎಂಬ ಸರ್ಕಾರಿ ಮುದ್ರೆಯೂ ದೊರೆಯಿತು.

ತೂತಿನ ಕೊಡದ ಲೆಕ್ಕ

ಇಳಿಸಿದ ಬಿಸಿಯನ್ನು ಮತ್ತೆ ಏರಿಸಲು ಉಳಿದ ಇಂಧನವೆಲ್ಲ ಖರ್ಚಾಗುವುದಿಲ್ಲವೇ ಎಂದು ಓದುಗರು ಕೇಳಬಹುದು. ಅಮೆರಿಕದಲ್ಲೂ ಅನೇಕರು ಹಾಗೆಯೇ ನಂಬಿದ್ದಾರೆ. ತೂತು ಬಿದ್ದ ಒಂದು ಕೊಡವನ್ನು ನೆನೆಸಿಕೊಳ್ಳಿ. ನೀರು ಕಂಠದವರೆಗೆ ಇದ್ದಾಗ ಸೋರಿಕೆ ರಭಸ, ಅರ್ಧಕ್ಕಿಳಿದಾಗ ನಿಧಾನ. ಮನೆಯಿಂದ ಹೊರಕ್ಕೆ ಸೋರುವ ಬಿಸಿಯೂ ಹಾಗೆಯೇ. ಒಳಗಿಗೂ ಹೊರಗಿಗೂ ಇರುವ ಅಂತರ ಹೆಚ್ಚಿದ್ದಷ್ಟೂ ಸೋರಿಕೆ ಹೆಚ್ಚು. ರಾತ್ರಿಯೆಲ್ಲ ಮಟ್ಟ ಕೆಳಗಿದ್ದರೆ ಅಷ್ಟು ಹೊತ್ತೂ ಕಡಿಮೆ ಸೋರಿರುತ್ತದೆ. ಬೆಳಿಗ್ಗೆ ತುಂಬಿಸುವುದು ಆ ಕಡಿಮೆಯಾದಷ್ಟನ್ನು ಮಾತ್ರ. ದಿನಕ್ಕೆ 8 ಗಂಟೆ ಕಾಲ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿದರೆ ವರ್ಷಕ್ಕೆ ಶೇಕಡ 10ರವರೆಗೆ ಉಳಿತಾಯ ಸಾಧ್ಯವೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹೀಟ್ ಪಂಪ್ ಇರುವ ಮನೆಗಳು ಮಾತ್ರ ಇದಕ್ಕೆ ಸ್ವಲ್ಪ ಹೊರತು. ಅಲ್ಲಿ ಬಿಸಿಯನ್ನು ಒಮ್ಮೆಲೇ ಏರಿಸಹೋದರೆ ದುಬಾರಿಯಾದ ವಿದ್ಯುತ್ ಹೀಟರ್ ನೆರವಿಗೆ ಬಂದು ಲಾಭ ಕರಗಬಹುದು.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮನೆಮನೆಯ ಬಿಲ್ಲುಗಳಲ್ಲಿ ಆ ಉಳಿತಾಯ ನಿರೀಕ್ಷಿಸಿದಷ್ಟು ಕಾಣಲಿಲ್ಲ. ಕಾರಣದ ಸುಳಿವು ಮೊದಲೇ ಸಿಕ್ಕಿತ್ತು. ಮಿಷಿಗನ್ ರಾಜ್ಯದ ಮನೆಗಳಿಗೆ ಹೋಗಿ ಜನರನ್ನು ಮಾತನಾಡಿಸಿದ ಮಾನವಶಾಸ್ತ್ರಜ್ಞ ವಿಲೆಟ್ ಕೆಂಪ್ಟನ್ 1986ರಲ್ಲಿ ಒಂದು ಸ್ವಾರಸ್ಯಕರ ಪ್ರಬಂಧ ಬರೆದರು. ಜನರಲ್ಲಿ ಎರಡು ಬಗೆಯ ತಿಳಿವಳಿಕೆ ಇತ್ತು. ಕೆಲವರ ಪಾಲಿಗೆ ಅದು ಗೊತ್ತುಪಡಿಸಿದ ಮಟ್ಟ ಬಂದಾಗ ಒಲೆಯನ್ನು ಆರಿಸುವ ಸ್ವಿಚ್ಚು. ಇನ್ನು ಕೆಲವರು ಅದನ್ನು ನಲ್ಲಿಯಂತೆ, ಗ್ಯಾಸ್ ಒಲೆಯ ತಿರುಗುಣಿಯಂತೆ ಭಾವಿಸಿದ್ದರು. ಹೆಚ್ಚು ತಿರುಗಿಸಿದರೆ ಬಿಸಿ ಬೇಗ ಬರುತ್ತದೆ ಎಂಬುದು ಅವರ ನಂಬಿಕೆ. ಸಾಮಾನ್ಯ ಫರ್ನೇಸ್ ಉರಿಯುವುದು ಒಂದೇ ಜೋರಿನಲ್ಲಿ. ಎಷ್ಟು ತಿರುಗಿಸಿದರೂ ಕೋಣೆ ಕಾಯುವ ವೇಗ ಅಷ್ಟೇ. ಆದರೆ ಈ ಎರಡನೆಯವರನ್ನು ಅವಿವೇಕಿಗಳೆಂದು ಕೆಂಪ್ಟನ್ ತಳ್ಳಿಹಾಕಲಿಲ್ಲ. ತಪ್ಪು ಕಲ್ಪನೆ ಇಟ್ಟುಕೊಂಡವರೂ ಮನೆ ಬಿಟ್ಟು ಹೋಗುವಾಗ, ಮಲಗುವಾಗ ಕೈಯಾರೆ ಇಳಿಸುತ್ತಿದ್ದರು; ಹಾಗಾಗಿ ಅವರಿಗೆ ಉಳಿತಾಯವೂ ಆಗುತ್ತಿತ್ತು.

ಹೊಸ ಡಬ್ಬಿ ಬಂದ ಮೇಲೆ ಆದದ್ದೇನು? ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಅಲನ್ ಮೈಯರ್ ಮತ್ತು ಸಂಗಡಿಗರು ಜನರಿಂದ ಅವರ ಥರ್ಮೋಸ್ಟಾಟಿನ ಛಾಯಾಚಿತ್ರಗಳನ್ನು ತರಿಸಿಕೊಂಡು ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ ಸುಮಾರು ಶೇಕಡ 20ರಷ್ಟು ಡಬ್ಬಿಗಳು ತೋರಿಸುತ್ತಿದ್ದ ಹೊತ್ತೇ ತಪ್ಪು. ಪ್ರೋಗ್ರಾಮೆಬಲ್ ಡಬ್ಬಿ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ವೇಳಾಪಟ್ಟಿಯನ್ನು ಬದಿಗಿಟ್ಟು, ಒಂದೇ ಉಷ್ಣತೆಯಲ್ಲಿ ನಿಲ್ಲಿಸುವ ಗುಂಡಿ ಒತ್ತಿಬಿಟ್ಟಿದ್ದರು. ಸಣ್ಣ ಅಕ್ಷರ, ಅರ್ಥವಾಗದ ಸಂಕೇತ, ಒಂದೇ ಗುಂಡಿಗೆ ನಾಲ್ಕು ಕೆಲಸ. ದುಂಡು ಬಿಲ್ಲೆ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಹೊಸದು ಏಳುವ ಹೊತ್ತು, ಹೊರಡುವ ಹೊತ್ತು, ಮರಳುವ ಹೊತ್ತು, ಮಲಗುವ ಹೊತ್ತು ಎಂದು ವಾರದ ಪಂಚಾಂಗವನ್ನೇ ಬರೆಸಿಕೊಳ್ಳುತ್ತಿತ್ತು. ಮನುಷ್ಯರ ದಿನಚರಿ ಅಷ್ಟು ನೆಟ್ಟಗಿರುವುದಿಲ್ಲ. ಒಂದು ದಿನ ಮಗುವಿಗೆ ಜ್ವರ, ಇನ್ನೊಂದು ದಿನ ನೆಂಟರು. ಮೊದಲು ಕೈಯಾರೆ ಇಳಿಸುತ್ತಿದ್ದವರೂ ಯಂತ್ರ ನೋಡಿಕೊಳ್ಳುತ್ತದೆಂದು ಸುಮ್ಮನಾದರೆ ಖರ್ಚು ಕೂಡಬಹುದೇ ಹೊರತು ಕಳೆಯುವುದಿಲ್ಲ. 2009ರ ಕೊನೆಗೆ ‘ಎನರ್ಜಿ ಸ್ಟಾರ್’ ಮುದ್ರೆಯನ್ನು ಹಿಂತೆಗೆದುಕೊಳ್ಳಲಾಯಿತು.

ಎರಡು ತಂತಿ, ಒಂದು ಹನಿ ಪಾದರಸ

ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸವೂ ಕಂಡಷ್ಟು ಸುಲಭವಲ್ಲ. ಬಿಸಿಗಾಳಿಯ ಫರ್ನೇಸ್ ಇರುವ ಮನೆಗಳಲ್ಲಿ ಗೋಡೆಯೊಳಗೆ ಸಾಮಾನ್ಯವಾಗಿ 24 ವೋಲ್ಟಿನ ಸಣ್ಣ ತಂತಿಗಳಿರುತ್ತವೆ. ಬಿಸಿ ಮಾತ್ರ ಕೊಡುವ ಹಳೆಯ ಡಬ್ಬಿಗೆ ಎರಡೇ ತಂತಿ ಸಾಕಿತ್ತು. ಹೊಸ ಡಬ್ಬಿಗೆ ತನ್ನ ಪರದೆ ಬೆಳಗಿಸಲು, ಲೆಕ್ಕ ಇಡಲು ವಿದ್ಯುತ್ತು ಬೇಕು. ಕೆಲವಕ್ಕೆ ಬ್ಯಾಟರಿ ಸಾಕು. ಇಂಟರ್ನೆಟ್ ಜೋಡಣೆಯವಕ್ಕೆ ಬಹುಪಾಲು ‘ಸಿ’ ಎಂದು ಗುರುತಿಸುವ ಇನ್ನೊಂದು ತಂತಿ ಬೇಕಾಗುತ್ತದೆ. ಹಳೆಯ ಗೋಡೆಗಳಲ್ಲಿ ಎಷ್ಟೋ ಸಲ ಅದಿರುವುದೇ ಇಲ್ಲ. ವಿದ್ಯುತ್ತಿನಿಂದಲೇ ಕಾಯುವ ಕೆಲವು ಮನೆಗಳಲ್ಲಿ ಗೋಡೆಯ ಡಬ್ಬಿಗೆ 240 ವೋಲ್ಟು ನೇರವಾಗಿ ಬರುತ್ತಿರುತ್ತದೆ. ಅಲ್ಲಿ 24 ವೋಲ್ಟಿನ ಡಬ್ಬಿ ಜೋಡಿಸಹೋದರೆ ಅಪಾಯ.

ಕಿತ್ತ ಡಬ್ಬಿಯದು ಇನ್ನೊಂದು ಸಮಸ್ಯೆ. ಅದರೊಳಗೆ ಕೆಲವು ಗ್ರಾಂ ಪಾದರಸವಿರುತ್ತದೆ. ಕಸದೊಡನೆ ಎಸೆದರೆ ಬುರುಡೆ ಒಡೆದು ವಿಷ ನೆಲಕ್ಕೆ, ನೀರಿಗೆ, ಗಾಳಿಗೆ ಸೇರುತ್ತದೆ. ಇದನ್ನು ತಡೆಯಲು 1998ರಲ್ಲಿ ತಯಾರಕ ಕಂಪನಿಗಳೇ ಸೇರಿ ಹಳೆಯ ಡಬ್ಬಿಗಳನ್ನು ಸಂಗ್ರಹಿಸುವ ಸಂಸ್ಥೆಯೊಂದನ್ನು ಕಟ್ಟಿದವು. ಗೋಡೆಯ ಮೇಲಿದ್ದಷ್ಟು ಕಾಲ ಯಾರಿಗೂ ಕೇಡು ಮಾಡದ ಡಬ್ಬಿ, ಇಂಧನ ಉಳಿಸುವ ಉತ್ಸಾಹದಲ್ಲಿ ಕಿತ್ತೆಸೆದಾಗ ಕೇಡಾಗುವುದು ವಿಪರ್ಯಾಸ.

ಕಲಿಯುವ ಡಬ್ಬಿ

ಜನ ಯಂತ್ರಕ್ಕೆ ಹೇಳಿಕೊಡದಿದ್ದರೆ ಯಂತ್ರವೇ ಜನರನ್ನು ನೋಡಿ ಕಲಿಯಲಿ ಎಂಬುದು ಮುಂದಿನ ಆಲೋಚನೆ. ಆಪಲ್ ಕಂಪನಿಯಲ್ಲಿ ಐಪಾಡ್ ರೂಪಿಸಿದವರಲ್ಲಿ ಪ್ರಮುಖರಾದ ಟೋನಿ ಫಡೆಲ್ ಅವರ ಸಂಸ್ಥೆ 2011ರಲ್ಲಿ ‘ನೆಸ್ಟ್’ ಎಂಬ ಥರ್ಮೋಸ್ಟಾಟನ್ನು ಹೊರತಂದಿತು. ಮನೆಯವರು ಯಾವಾಗ ತಿರುಗಿಸುತ್ತಾರೆ, ಮನೆಯಲ್ಲಿ ಓಡಾಟವಿದೆಯೇ ಎಂದು ಗಮನಿಸಿ ಅದು ತಾನೇ ವೇಳಾಪಟ್ಟಿ ಮಾಡಿಕೊಳ್ಳುತ್ತದೆ. ಅದರ ಆಕಾರ ಮತ್ತೆ ದುಂಡು, ಬಳಕೆ ಮತ್ತೆ ತಿರುಗಿಸುವುದೇ! 2014ರಲ್ಲಿ ಗೂಗಲ್ ಈ ಸಂಸ್ಥೆಯನ್ನು 320 ಕೋಟಿ ಡಾಲರಿಗೆ ಕೊಂಡಿತು. 2017ರಿಂದ ಇಂಥ ಡಬ್ಬಿಗಳಿಗೆ ‘ಎನರ್ಜಿ ಸ್ಟಾರ್’ ಮುದ್ರೆ ಮರಳಿತು. ಆದರೆ ಈ ಬಾರಿ, ನಿಜವಾದ ಮನೆಗಳಲ್ಲಿ ಉಳಿತಾಯ ಆಗಿದೆಯೆಂದು ಅಂಕಿಗಳಿಂದ ತೋರಿಸಬೇಕೆಂಬ ಷರತ್ತಿನೊಡನೆ.

ಇದರ ಜೊತೆಗೇ ಹೊಸ ಪ್ರಶ್ನೆಗಳೂ ಬಂದವು. ಕೊಲೊರಾಡೊ ರಾಜ್ಯದಲ್ಲಿ 2022ರ ಆಗಸ್ಟ್ ಕೊನೆಯ ಬಿಸಿಲಿನಲ್ಲಿ ಸುಮಾರು 22,000 ಗ್ರಾಹಕರು ತಮ್ಮ ಡಬ್ಬಿಯಲ್ಲಿ ತಂಪನ್ನು ಹೆಚ್ಚಿಸಲಾಗದೆ ಕೆಲವು ಗಂಟೆ ಕಳೆದರು. ಬಿಲ್ಲಿನಲ್ಲಿ ರಿಯಾಯಿತಿಗೆಂದು ವಿದ್ಯುತ್ ಕಂಪನಿಯ ಯೋಜನೆಗೆ ಅವರೇ ಒಪ್ಪಿ ಸೇರಿದ್ದರು. ವಿದ್ಯುತ್ತಿನ ಒತ್ತಡ ಏರಿದಾಗ ಕಂಪನಿ ದೂರದಿಂದಲೇ ಕೀಲಿ ಹಾಕಿತ್ತು. 2025ರ ಅಕ್ಟೋಬರ್ 25ರಂದು ನೆಸ್ಟ್‌ನ ಮೊದಲ ಎರಡು ತಲೆಮಾರಿನ ಡಬ್ಬಿಗಳಿಗೆ ಗೂಗಲ್ ಇಂಟರ್ನೆಟ್ ಸೇವೆಯನ್ನು ನಿಲ್ಲಿಸಿತು. ಗೋಡೆಯ ಬಳಿ ಹೋಗಿ ಕೈಯಿಂದ ತಿರುಗಿಸಿದರೆ ಅವು ಈಗಲೂ ಕೆಲಸ ಮಾಡುತ್ತವೆ. ದೂರದಿಂದ ಮೊಬೈಲ್ ಮೂಲಕ ನಡೆಸಲಾಗದು. ಪಾದರಸದ ಡಬ್ಬಿ ಅರ್ಧ ಶತಮಾನ ಬಾಳಿತು. ಕಲಿಯುವ ಡಬ್ಬಿಯ ಜಾಣತನಕ್ಕೆ ಹದಿನಾಲ್ಕು ವರ್ಷದ ಆಯಸ್ಸು.

ಬಿಲ್ಲೆ ಯಾರ ಕೈಯಲ್ಲಿ?

ಬಿಲ್ಲೆಯೇ ಕೈಗೆ ಸಿಗದವರೂ ಇದ್ದಾರೆ. ನ್ಯೂಯಾರ್ಕ್ ನಗರದ ಹಳೆಯ ಬಾಡಿಗೆ ಕಟ್ಟಡಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಉಗಿಯ ಬಾಯ್ಲರು. ಕೆಲವು ಮನೆಗಳಲ್ಲಿ ಧಗೆ ತಾಳದೆ ನಡುಚಳಿಗಾಲದಲ್ಲೂ ಕಿಟಕಿ ತೆರೆದಿಡುತ್ತಾರೆ, ಇನ್ನು ಕೆಲವು ಮನೆಗಳಲ್ಲಿ ನಡುಗುತ್ತಾರೆ. ಹಾಗಾಗಿ ಅಲ್ಲಿ ಕಾನೂನೇ ಬಿಲ್ಲೆ ತಿರುಗಿಸುತ್ತದೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ, ಹಗಲು ಹೊರಗಿನ ಉಷ್ಣತೆ 55 ಡಿಗ್ರಿಗಿಂತ ಇಳಿದರೆ ಮನೆಯೊಳಗೆ ಕನಿಷ್ಠ 68 ಡಿಗ್ರಿ, ರಾತ್ರಿ ಕನಿಷ್ಠ 62 ಡಿಗ್ರಿ ಫ್ಯಾರನ್‌ಹೀಟ್ ಇರುವಂತೆ ಮಾಲೀಕ ನೋಡಿಕೊಳ್ಳಬೇಕು.

ನಮ್ಮ ದೇಶದಲ್ಲಿ ಪ್ರಶ್ನೆ ಬಿಸಿಯದಲ್ಲ, ತಂಪಿನದು. 2020ರ ಜನವರಿ 1ರಿಂದ ಇಲ್ಲಿ ಮಾರುವ ಕೋಣೆಯ ಏಸಿಗಳು ಚಾಲೂ ಮಾಡಿದೊಡನೆ 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಲ್ಲಬೇಕೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಗೊತ್ತುಪಡಿಸಿದೆ. ಬೇಕಾದವರು ಅದನ್ನು ಬದಲಿಸಿಕೊಳ್ಳಬಹುದು. ಯಾರನ್ನೂ ವೇಳಾಪಟ್ಟಿ ಬರೆಯಿರಿ ಎಂದು ಕೇಳುವುದಿಲ್ಲ, ಉಪದೇಶವಿಲ್ಲ. ಏನೂ ಮಾಡದೆ ಸುಮ್ಮನಿರುವವನ ಕೈಯಲ್ಲೂ ವ್ಯರ್ಥವಾಗದಂತೆ ಯಂತ್ರವನ್ನು ಮೊದಲೇ ಸಜ್ಜುಗೊಳಿಸುವುದು ಇದರ ಹಿಂದಿನ ಎಣಿಕೆ. ಪ್ರೋಗ್ರಾಮೆಬಲ್ ಡಬ್ಬಿಯ ಸೋಲು ಕಲಿಸುವ ಪಾಠವೂ ಇದೇ.

ಡ್ರೆಬೆಲ್‌ನ ಮೊಟ್ಟೆಗಳು ತಮಗೆ ಎಷ್ಟು ಕಾವು ಬೇಕೆಂದು ಹೇಳುವಂತಿರಲಿಲ್ಲ. ಯಂತ್ರ ನಿರ್ಧರಿಸಿತು, ಅದು ಸರಿಯೂ ಆಯಿತು. ಮನುಷ್ಯನಿಗೆ ಒಂದೊಂದು ಹೊತ್ತಿಗೆ ಒಂದೊಂದು ಬೇಕು, ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು. ಆ ಬೇಕುಗಳನ್ನು ಅಳೆಯುವ ಜೋಡಿಪಟ್ಟಿಯನ್ನು ಯಾರೂ ಇನ್ನೂ ಬೆಸೆದಿಲ್ಲ. ಹೊಸ ಡಬ್ಬಿ ಕೂರಿಸುವವರು ಅದರ ಬೆಲೆ, ತಂತಿ, ಗುಂಡಿಗಳ ಜೊತೆಗೆ ಇನ್ನೊಂದನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು: ರಾತ್ರಿ ಮಲಗುವ ಮುಂಚೆ ಮನೆಯಲ್ಲಿ ಕೊನೆಗೆ ದೀಪ ಆರಿಸುವವರಿಗೆ ಇದನ್ನು ಇಳಿಸುವುದು ಬರುತ್ತದೆಯೇ? ಬರುವುದಾದರೆ ಹಳೆಯ ದುಂಡು ಡಬ್ಬಿಯೂ ಉಳಿತಾಯ ಮಾಡುತ್ತದೆ.